ಹತ್ತು ಸಾವಿರ ಓರ್ಕ್‌ಗಳಿಗೆ ಅಡುಗೆ

ಶನಿವಾರ ಮಧ್ಯಾಹ್ನ, ಪೀಟರ್‌ಹೆಡ್ ಬಂದರಿನಲ್ಲಿ
ಗಾಳಿ ಎಲ್ಲರ ಕೊಡೆಗಳನ್ನೂ ಮಗುಚಿಹಾಕುವ ಹೊತ್ತಿಗೆ
ನಾನು ಫಾರ್ಕರ್‌ನ ಅಂಗಡಿಯಲ್ಲಿರುತ್ತೇನೆ.
ಬಾಗಿಲಿಗೆ ಗಂಟೆಯಿಲ್ಲ. ನೆಲದ ಹಲಗೆಯೇ ನರಳುತ್ತದೆ,
ಯಾರೋ ಬಂದರು ಅಂತ.

ಮುಂದುಗಡೆ ಮುಳುಗಿದ ಹಡಗುಗಳ ಚರಿತ್ರೆ,
ಬಲೆಯ ಗಂಟು ಹಾಕುವುದರ ಕೈಪಿಡಿ,
ಕಿಟಕಿಯ ಬಳಿ ಕವಿತೆ. ವರ್ಷಕ್ಕೆ ಹನ್ನೊಂದು ದಿನದ ಬಿಸಿಲಿಗೇ
ಬಣ್ಣ ಬಿಟ್ಟುಕೊಂಡು ಕೂತಿದೆ, ಪಾಪ.
ನನ್ನವರಿರುವುದು ಮೆಟ್ಟಿಲ ಕೆಳಗೆ.
ಮಂಡಿಯೂರಬೇಕು. ಐವತ್ತೆಂಟರ ಮಂಡಿ
ಪ್ರತಿ ಸಲ ಕೇಳುತ್ತದೆ: ಇದೆಲ್ಲ ಬೇಕಾ ನಿನಗೆ?
ಬೇಕು.

ಮೊದಲು ಓದಿದ್ದು ಹಲ್ಲಿನ ಡಾಕ್ಟರ ಬಳಿ, ಸರದಿ ಕಾಯುತ್ತ.
ಪುಟ ತೆರೆದರೆ ಒಬ್ಬ ಓರ್ಕ್,
ಹಸಿರು ಗಲ್ಲಕ್ಕೆ ಬಟ್ಟೆ ಬಿಗಿದು
ಹುಳುಕು ಕೋರೆಹಲ್ಲನ್ನು ಹಿಡಿದು ಅಳುತ್ತಿದ್ದ.
ಅದೇ ಕಡೆ, ಅದೇ ದವಡೆ.
ಅವತ್ತಿನಿಂದ ನಂಟು.

ಹಳೆಯ ಪುಸ್ತಕಗಳಲ್ಲಿ ಅವರು ಬರುವುದೇ ಸಾಯಲಿಕ್ಕೆ.
ಬೆಳಗ್ಗೆ ಬೆಟ್ಟ ಇಳಿದರೆ ಹತ್ತು ಸಾವಿರ,
ಸಂಜೆಗೆ ಸೊನ್ನೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಗೆದ್ದವನ ಕುದುರೆಗೂ ಒಂದು ಹೆಸರಿದೆ,
ಇವರ ದೊರೆಗೂ ಇಲ್ಲ.

ಆದರೆ ಶಾಲೆಯ ಅಡುಗೆಮನೆಯಲ್ಲಿ
ಮೂವತ್ತೊಂದು ವರ್ಷ ಸೌಟು ಹಿಡಿದವಳು ನಾನು.
ಹತ್ತು ಸಾವಿರ ಅಂದರೆ
ನನ್ನ ಕಣ್ಣಿಗೆ ಕತ್ತಿ ಕಾಣುವುದಿಲ್ಲ, ತಟ್ಟೆ ಕಾಣುತ್ತದೆ.
ಮುನ್ನೂರ ಇಪ್ಪತ್ತು ಮಕ್ಕಳಿಗೆ ನಲವತ್ತು ಕಿಲೊ ಆಲೂಗಡ್ಡೆ.
ಓರ್ಕ್ ಮೂವರ ಊಟ ಉಣ್ಣುತ್ತಾನೆ ಅಂತಿಟ್ಟುಕೊಳ್ಳಿ,
ಮೂರೂಮುಕ್ಕಾಲು ಟನ್.
ಸಿಪ್ಪೆ ಸುಲಿದವರು ಯಾರು, ಹಿಂದಿನ ರಾತ್ರಿ?
ಅಷ್ಟು ದೊಡ್ಡ ಹಂಡೆಯನ್ನು ಬೆಟ್ಟ ಹತ್ತಿಸಿದವರು?
ಎಂಟುನೂರು ಪುಟ ಬರೆದವನಿಗೆ
ಒಂದು ಈರುಳ್ಳಿ ಹೆಚ್ಚಲು ಪುರುಸೊತ್ತಾಗಲಿಲ್ಲ.

ಅದಕ್ಕೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನಾನೇ ಬರೆದೆ:
ಇಷ್ಟು ಬಾರ್ಲಿ, ಇಷ್ಟು ಕುರಿಯ ಕೊಬ್ಬು, ಬಟಾಣಿ, ಸೌದೆ.
ಬರೆಯುತ್ತ ಬರೆಯುತ್ತ ಅವಳು ಕಂಡಳು.
ಯುದ್ಧದ ಸದ್ದು ಅಡಗಿದ ಮೇಲೆ
ಕಣಿವೆಯ ಆಚೆ, ಸೆರಗಿಗೆ ಕೈ ಒರೆಸಿಕೊಂಡು
ಹತ್ತು ಸಾವಿರ ಪಾಲು ಬೇಯಿಸಿ ನಿಂತವಳು.
ಗಂಜಿಯ ಮೇಲೆ ಕೆನೆ ಕಟ್ಟುತ್ತಿದೆ.
ಅವಳು ದಾರಿ ನೋಡುತ್ತಾಳೆ.
ಸೌಟಿನಿಂದ ಕೆನೆ ಒಡೆಯುತ್ತಾಳೆ, ಮತ್ತೆ ಕಟ್ಟುತ್ತದೆ.

ಆ ಪುಸ್ತಕ ಮನೆಯಲ್ಲಿಟ್ಟುಕೊಳ್ಳಲಾಗಲಿಲ್ಲ. ಫಾರ್ಕರ್‌ಗೇ ಮಾರಿದೆ.
'ಗೀಚಿದ್ದೀಯ' ಎಂದು ಐವತ್ತು ಪೆನ್ನಿ ಮುರಿದುಕೊಂಡ.

ಈ ವಾರ ಮೆಟ್ಟಿಲ ಕೆಳಗೆ ನನಗಿಂತ ಮೊದಲೇ
ಯಾರೋ ಕುಕ್ಕರುಗಾಲಲ್ಲಿ ಕೂತಿದ್ದರು:
ರೂರಿ, ಆರನೇ ಕ್ಲಾಸು,
ನನ್ನ ಸಾಲಿನಲ್ಲಿ ತಟ್ಟೆ ಹಿಡಿದು ತಲೆ ಎತ್ತದ ಹುಡುಗ.
'ನೀವೂ ಓದ್ತೀರಾ?' ಅಂದ,
ನನ್ನ ಕೈಯಲ್ಲಿ ಕೊಡಲಿ ಕಂಡವನ ಹಾಗೆ.
ನಾನು ಕೆಮ್ಮಿದೆ.
ಅವನು ಚೀಲದಿಂದ ತೆಗೆದದ್ದು ನನ್ನದೇ ಪುಸ್ತಕ,
ನಾನೇ ಗೀಚಿದ ಪುಟ. ನನ್ನ ಪಟ್ಟಿಯ ಕೆಳಗೆ ನೀಲಿ ಶಾಯಿಯಲ್ಲಿ
ಸೊಟ್ಟ ಅಕ್ಷರ: ಓರ್ಕ್‌ಗಳು ಬಟಾಣಿ ತಿನ್ನುವುದಿಲ್ಲ.

'ಇದು ನೀವು ಬರೆದದ್ದಾ?'
ಹೂಂ ಅಂದೆ.
ತುಂಬ ಹೊತ್ತು ಆ ಪುಟವನ್ನೇ ನೋಡಿ ಹೇಳಿದ,
'ಉಪ್ಪು ಮರೆತಿದ್ದೀರಿ.'

ಹೌದಲ್ಲ!

ಬಂದರಿನ ಉದ್ದಕ್ಕೂ, ಗಾಳಿಗೆ ಎದೆಯೊಡ್ಡಿ,
ತುಟಿ ಸವರಿದರೆ ಉಪ್ಪು, ಕೆನ್ನೆ ಮುಟ್ಟಿದರೆ ಉಪ್ಪು.
ತಲೆಗೆ ಎಂಟು ಗ್ರಾಂ ಅಂದರೆ ಎಂಬತ್ತು ಕಿಲೊ...
ಇಲ್ಲ, ಬೆಟ್ಟ ಇಳಿದು ಬೆವರಿ ಬಂದಿರುತ್ತಾರೆ,
ನೂರು ಇರಲಿ.